ಗುಂಯ್ ಎನ್ನುತ್ತಿದ್ದ ಆಂಪ್ಲಿಫೈಯರ್

ಬೆಳಿಗ್ಗೆ ರೊಟ್ಟಿ ತರಲು ಹೊರಟವನು ಚರ್ಚಿನ ಅಂಗಳದ ಲಿಂಡನ್ ಮರದ ಮುಂದೆ ನಿಂತೆ. ಮರಕ್ಕೆ ಸಾವಿನ ಸುದ್ದಿಯ, ಕಪ್ಪು ಅಂಚಿನ ಹೊಸ ಕಾಗದ ಅಂಟಿಸಿದ್ದರು. ನನ್ನ ವಯಸ್ಸಿನವರು ಅಂಥ ಕಾಗದ ಓದದೆ ಮುಂದೆ ಹೋಗುವುದಿಲ್ಲ. ಕನ್ನಡಕ ಏರಿಸಿ ಓದಿದೆ: ವುಕಾಶಿನ್ ರಿಸ್ತಿಚ್, ರೇಡಿಯೋ ದುರಸ್ತಿಗಾರ, ಎಪ್ಪತ್ತನಾಲ್ಕು ವರ್ಷ.

ಹಿಂದಿನ ಮಧ್ಯಾಹ್ನವಷ್ಟೇ, ಮನೆಯ ಮುಂಭಾಗದಲ್ಲೇ ಇದ್ದ ಅವನ ಅಂಗಡಿಯಲ್ಲಿ ಕಾಫಿ ಕುಡಿದು ಬಂದಿದ್ದೆ. ಹಳೆಯ ಬೂಟಿನ ತೊಗಲನ್ನು ಕತ್ತರಿಸುತ್ತಾ ಕುಳಿತಿದ್ದ. "ಯಾರ ಪಾದಕ್ಕಯ್ಯಾ ಅದು?" ಎಂದು ಕೇಳಿದ್ದಕ್ಕೆ, "ಒಬ್ಬ ಸಂತರಿಗೆ" ಎಂದು ನಕ್ಕಿದ್ದ.

ರೊಟ್ಟಿಯನ್ನು ಮರೆತು ಅವನ ಮನೆಗೆ ನಡೆದೆ. ಅವನ ಹೆಂಡತಿ ಸ್ತಾಮೆನಾ ಒಲೆಯ ಪಕ್ಕದ ಕುರ್ಚಿಯಲ್ಲಿದ್ದಳು.

"ಬಾ ಜಿವೊಯಿನ್. ಕೆಲಸದ ಮೇಜಿನ ಮೇಲೇ ತಲೆಯಿಟ್ಟು ಹೋಗಿಬಿಟ್ಟ. ಸಾಯೋ ಮೊದಲು ಸ್ವಿಚ್ ಆರಿಸಿದ್ದ ನೋಡು, ನಿನ್ನ ಗೆಳೆಯ" ಎಂದಳು. ಆಮೇಲೆ ಅತ್ತಳು.

ಮೇಜಿನ ಮೇಲೆ ಚರ್ಚಿನ ಆಂಪ್ಲಿಫೈಯರ್ ಹೊಟ್ಟೆ ತೆರೆದುಕೊಂಡು ಕುಳಿತಿತ್ತು. ಬಲ್ಬಿನಂಥ ಗಾಜಿನ ವಾಲ್ವುಗಳ ಕಾಲದ್ದು. ನಾನು ಚರ್ಚಿನಲ್ಲಿ ಸ್ತೋತ್ರ ಹಾಡುವವನು. ಮೂವತ್ತು ವರ್ಷ ಅದೇ ನನ್ನ ಧ್ವನಿಯನ್ನು ಅಂಗಳದ ಸ್ಪೀಕರಿಗೆ ಮುಟ್ಟಿಸಿತ್ತು. ಸ್ತಾಮೆನಾಳ ಮಂಡಿಗಳು ಸೋತ ಮೇಲೆ ಅವಳು ಚರ್ಚಿನ ಹನ್ನೊಂದು ಮೆಟ್ಟಿಲು ಹತ್ತಲಾರಳು. ಭಾನುವಾರ ಲಿಂಡನ್ ಮರದ ಕೆಳಗೆ ಕುಳಿತು ಪೂಜೆಯನ್ನೆಲ್ಲ ಕೇಳುತ್ತಿದ್ದಳು. ಎರಡು ವರ್ಷದ ಹಿಂದೆ ಆಂಪ್ಲಿಫೈಯರ್ ಸುಟ್ಟಾಗ ಪಾದ್ರಿ ಸೆರಾಫಿಮ್ ಹೊಸದು ಕೊಳ್ಳೋಣವೆಂದರು. ವುಕಾಶಿನ್ ಬಿಡಲಿಲ್ಲ. "ಸುಟ್ಟಿರೋದು ಹೊಟ್ಟೆ, ಪ್ರಾಣ ಅಲ್ಲ ಪಾದ್ರಿಗಳೇ. ನನಗೆ ಬಿಡಿ" ಎಂದ.

ಸಂತರ ಚರಿತ್ರೆಗಳನ್ನು ಜೀವಮಾನವಿಡೀ ಓದಿದವನು ನಾನು. ತಾಳ್ಮೆಯನ್ನು ಕಣ್ಣಾರೆ ಕಂಡದ್ದು ಆ ಮೇಜಿನ ಬಳಿ. ಟ್ರಾನ್ಸ್‌ಫಾರ್ಮರಿಗೆ ಕೂದಲೆಳೆಯಂಥ ತಂತಿಯನ್ನು ಕೈಯಲ್ಲೇ ಸುತ್ತುತ್ತಿದ್ದ. ಎರಡು ಸಾವಿರ ಸುತ್ತು ದಾಟಿದ್ದಾಗ ನಾನು ಬಾಗಿಲಲ್ಲಿ ನಿಂತು "ದೇವರ ಸಹಾಯವಿರಲಿ!" ಎಂದೆ. ನಮ್ಮಲ್ಲಿ ಕೆಲಸದಲ್ಲಿರುವವನನ್ನು ಹಾಗೆ ಹರಸಿದರೆ ಮರುಮಾತು ಹೇಳಲೇಬೇಕು. "ನಿನಗೂ ಇರಲಿ" ಎಂದ, ಲೆಕ್ಕ ತಪ್ಪಿತು. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಸುತ್ತಿದ.

ಆಮೇಲೆ ಅವನ ಮನೆತನದ ಸಂತ ನಿಕೋಲರ ಹಬ್ಬ ಬಂತು. ಪಾದ್ರಿ ಮನೆಗೆ ಬಂದು ತುಳಸಿಯ ಕಟ್ಟಿನಿಂದ ಪವಿತ್ರ ನೀರು ಚಿಮುಕಿಸುತ್ತಿದ್ದರು. "ಪಾಪ, ಇದಕ್ಕೂ ಒಂದು ಹನಿ ಹಾಕಿ" ಎಂದು ನಾನೇ ಆಂಪ್ಲಿಫೈಯರ್ ತೋರಿಸಿದೆ. ಅದರ ಸ್ವಿಚ್ ಹಾಕಿದ್ದದ್ದು ನನಗೆ ಹೊಳೆಯಲಿಲ್ಲ. ಹನಿ ಬಿತ್ತು, ಕಾದ ವಾಲ್ವಿನ ಗಾಜು 'ಟಿಕ್' ಎಂದು ಬಿರುಕು ಬಿಟ್ಟಿತು. ಅಂಥ ಇನ್ನೊಂದು ವಾಲ್ವು ಸಿಗಲು ನಾಲ್ಕು ತಿಂಗಳು ಹಿಡಿಯಿತು. ವುಕಾಶಿನ್ ನನ್ನ ಹೆಗಲು ತಟ್ಟಿ, "ಕೃಪೆ ಜಾಸ್ತಿಯಾಯ್ತು ಮಾರಾಯ. ಮುಂದಿನ ಸಲ ಒಣಗಿದ ಕೃಪೆ ತಾ" ಎಂದ.

ನಾನು ಅದನ್ನೂ ಮಾಡಿದೆ. ಸಂತ ನಿಕೋಲರ ಪುಟ್ಟ ತಗಡಿನ ಪಟ ತಂದುಕೊಟ್ಟೆ. ಅವನು ಅದನ್ನು ಪೆಟ್ಟಿಗೆಯೊಳಗೆ, ಮೈಕಿನ ತಂತಿ ಸಿಕ್ಕಿಸುವ ತೂತಿನ ಪಕ್ಕ, ತಿರುಪು ಹಾಕಿ ಕೂರಿಸಿದ. ಆಮೇಲೆ ಶುರುವಾಯಿತು ಆ ಗುಂಯ್ ಸದ್ದು. ಜೇನುಗೂಡಿನ ಹಾಗೆ. ಮೂರು ತಿಂಗಳು ಒಂದೊಂದೇ ಭಾಗ ಬದಲಿಸಿದ. ಸದ್ದು ಹೋಗಲಿಲ್ಲ. ಹೋದದ್ದು ಅವನೇ.

ನಲವತ್ತನೆಯ ದಿನದ ಪ್ರಾರ್ಥನೆ ಹತ್ತಿರ ಬಂತು. ಸ್ವಂತ ಗಂಡನಿಗಾಗಿ ಓದುವ ಪ್ರಾರ್ಥನೆ ಸ್ತಾಮೆನಾಳಿಗೆ ಕೇಳಿಸುವುದು ಹೇಗೆ? ಬಾಡಿಗೆಗೆ ಒಂದು ಆಂಪ್ಲಿಫೈಯರ್ ತರಿಸುತ್ತೇನೆಂದರು ಪಾದ್ರಿ.

"ಅವನಿಗೆ ಬಾಡಿಗೆ ಗಂಟಲು ಬೇಡ" ಎಂದಳು ಸ್ತಾಮೆನಾ.

"ಹಾಗಾದರೆ ಕುರ್ಚಿ ಸಮೇತ ಎತ್ತಿಕೊಂಡು ಹೋಗೋಣ" ಎಂದರು ಪಾದ್ರಿ.

"ನಾನೇನು ಆಲೂಗಡ್ಡೆ ಮೂಟೆಯೇ?"

ಅವರ ಮಗಳು ಯಾಗೊದಾ ಜವಳಿ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುವವಳು. ರಜೆ ಹಾಕಿ ಮೇಜಿನ ಮುಂದೆ ಕುಳಿತಳು. ಆ ಗುಂಯ್ ಸದ್ದಿನ ಮೂಲವನ್ನು ಮೂರು ದಿನ ಹುಡುಕಿದಳು. ಪ್ರಾರ್ಥನೆಗೆ ಎರಡು ದಿನವಿರುವಾಗ ನಾನು ಹೋದೆ. ಬಾಗಿಲಲ್ಲಿ ಹರಸದೆ ಸುಮ್ಮನೆ ನಿಂತೆ.

"ಬನ್ನಿ ಚಿಕ್ಕಪ್ಪ," ಎಂದಳು. ಅಪ್ಪನ ನೋಟುಪುಸ್ತಕದ ಕೊನೆಯ ಹಾಳೆ ಅವಳ ಮುಂದಿತ್ತು. "ಇದನ್ನು ನಿಮ್ಮೆದುರು ಓದಲೋ ಬೇಡವೋ ಅಂತ ಯೋಚಿಸ್ತಿದ್ದೆ."

"ಓದು ಮಗಳೇ."

"'ಇಂದು ಗೊತ್ತಾಯಿತು. ಪಟದ ಬೆನ್ನು ಮೈಕಿನ ತೂತಿನ ಅಂಚಿಗೂ ಪೆಟ್ಟಿಗೆಗೂ ತಾಗುತ್ತಿದೆ. ಒಂದೇ ಕಡೆ ಸೇರಬೇಕಾದ ಅರ್ಥಿಂಗ್ ತಂತಿ ಎರಡು ಕಡೆ ಸೇರಿದೆ. ಪಟ ತೆಗೆದರೆ ಸದ್ದು ನಿಲ್ಲುತ್ತದೆ, ಜಿವೊಯಿನ್ ನೊಂದುಕೊಳ್ಳುತ್ತಾನೆ. ಪಟ ಇರಲಿ. ಹಿಂದೆ ತೊಗಲು ಇಟ್ಟು, ತಿರುಪು ತೆಗೆದು ಅಂಟಿಸಬೇಕು.'"

ಮೂರು ತಿಂಗಳು ಅವನನ್ನು ಕಾಡಿದ್ದು ನನ್ನ ಭಕ್ತಿ. "ತೆಗೆದು ಎಸೆ ಮಗಳೇ" ಎಂದೆ.

"ಅಪ್ಪ ಇರಲಿ ಅಂದಿದ್ದಾರಲ್ಲ" ಎಂದು ಅವಳು ಡ್ರಾಯರ್ ಎಳೆದಳು. ಪಟದ ಅಳತೆಗೆ ಸರಿಯಾಗಿ ಕತ್ತರಿಸಿದ ಬೂಟಿನ ತೊಗಲು ಅಲ್ಲಿತ್ತು. 'ಒಬ್ಬ ಸಂತರಿಗೆ' ಎಂದು ಅವನು ಹೇಳಿದ್ದು ತಮಾಷೆಯಲ್ಲ. ಅವಳು ತೊಗಲಿಟ್ಟು ಅಂಟಿಸಿ, ಸ್ವಿಚ್ ಹಾಕಿದಳು. ವಾಲ್ವುಗಳು ಮೆಲ್ಲಗೆ ಕೆಂಪಾದವು. ಇಬ್ಬರೂ ಕಿವಿಗೊಟ್ಟೆವು. ಒಲೆಯ ಮೇಲಿನ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಶನಿವಾರ ಮೈಕಿನ ಮುಂದೆ ನಿಂತು ಹಾಡಿದೆ. ಪಾದ್ರಿ ವುಕಾಶಿನನ ಹೆಸರು ಹೇಳಿದಾಗ ತೆರೆದ ಬಾಗಿಲಿನಿಂದ ಕಂಡೆ: ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಮರದ ಕೆಳಗೆ ಸ್ತಾಮೆನಾ ಶಿಲುಬೆಯ ಗುರುತು ಮಾಡಿಕೊಂಡಳು. ಮುಗಿದ ಮೇಲೆ ಹತ್ತಿರ ಹೋದೆ.

"ಅವನ ಹೆಸರು ಬಂದ ಮೇಲೆ ಹಾಡುವಾಗ ನಿನ್ನ ಗಂಟಲು ನಡುಗಿತು ಜಿವೊಯಿನ್. ಎಲ್ಲಾ ಕೇಳಿಸ್ತು" ಎಂದಳು, ಒಂದು ಚಮಚ ಗೋಧಿ ಕೊಟ್ಟಳು.

ದೇವರೇ, ನಿನ್ನ ಸೇವಕ ವುಕಾಶಿನ್ ತನ್ನ ಕೆಲಸ ಕೆಡಿಸಿದವನ ಮನಸ್ಸು ಕೆಡಿಸಲಿಲ್ಲ. ಅವನ ತಪ್ಪುಗಳಿದ್ದರೆ ನೀನೂ ಹಾಗೆಯೇ ಮರೆತುಬಿಡು. ನೋವೂ ನಿಟ್ಟುಸಿರೂ ಇಲ್ಲದ ಕಡೆ ಅವನಿಗೆ ವಿಶ್ರಾಂತಿ ಕೊಡು. ಅವನ ನೆನಪು ಶಾಶ್ವತವಾಗಿರಲಿ. ಆಮೆನ್.