ಪೆನೀನಾ ಹಿಡಿದು ನಡೆದ ಚಾಪೆ

ಪೆನೀನಾ ಹುಟ್ಟಿದ ದಿನ ನನ್ನ ಗಂಡ ತಾನಿಯೇಲು ಅವಳನ್ನು ಎದೆಗವಚಿಕೊಂಡು ನನಗೊಂದು ಮಾತು ಕೊಟ್ಟ. "ರೂತಾ, ಇವಳನ್ನ ಕಾಲೇಜಿಗೆ ನಾವೇ ಕಳಿಸೋಣ. ನಮ್ಮಪ್ಪ ನನ್ನ ಓದಿಗೆ ಅಂತ ಇಟ್ಟಿದ್ದೆಲ್ಲ ಯಾರದೋ ಸಾವಿನ ಮನೆಗೆ ಹೋಯ್ತು. ಇವಳಿಗೆ ಹಾಗಾಗೋಕೆ ನಾನು ಬಿಡಲ್ಲ."

ನಮ್ಮ ಸವಾಯಿ ದ್ವೀಪದಲ್ಲಿ ಗಂಡಸರು ಇಂಥ ಮಾತು ಕೊಡುವುದಿಲ್ಲ. ಸಾವಿರಲಿ, ಮದುವೆಯಿರಲಿ, ಚರ್ಚಿನ ಹೊಸ ಚಾವಣಿಯಿರಲಿ, ಮೊದಲು ಮನೆತನಕ್ಕೆ ಕೊಡಬೇಕು. ಮಕ್ಕಳ ಓದು ಆಮೇಲಿನದು. ಅದಕ್ಕೇ ಆ ಮಾತನ್ನು ನಾನು ಬೈಬಲ್ಲಿನ ಮಾತಿನಷ್ಟೇ ನಂಬಿದೆ.

ಪೆನೀನಾ ಬೆಳೆದು ದೊಡ್ಡವಳಾದಳು. ನನಗೆ ಬೆಳಿಗ್ಗೆ ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಮಧ್ಯಾಹ್ನ ಊರ ಹೆಂಗಸರು ಕೂತು ನೇಯುವ ಚಪ್ಪರ. ಕೇದಗೆ ಎಲೆ ಬೇಯಿಸಿ, ಸಮುದ್ರದಲ್ಲಿ ನೆನೆಹಾಕಿ, ಬಿಸಿಲಿಗೆ ಬಿಳುಪೇರಿಸಿ, ಉಗುರಲ್ಲಿ ದಾರದಷ್ಟು ತೆಳ್ಳಗೆ ಸೀಳಿ ಒಂದು ನಯಚಾಪೆ ನೇಯತೊಡಗಿದ್ದೆ. ಮಗನ ಮದುವೆಗೆಂದು ಆಕ್ಲೆಂಡಿನ ಹೆಂಗಸೊಬ್ಬಳು ಅದನ್ನು ದೊಡ್ಡ ಬೆಲೆಗೆ ಕೇಳಿಟ್ಟಿದ್ದಳು. ಪೆನೀನಾಗೆ ಕಡಲಾಚೆಯ ಸುವಾ ನಗರದ ಕಾಲೇಜಿನಲ್ಲಿ ಕಡಲ ವಿಜ್ಞಾನ ಓದುವ ಆಸೆ. ಆ ಓದು ಈ ಚಾಪೆಯ ಮೇಲೆ ನಿಂತಿತ್ತು.

"ಏನೇ ರೂತಾ, ಚಾಪೆ ನೇಯ್ತಿದೀಯೋ, ಜೇಡನ ಜೊತೆ ಪಂದ್ಯ ಕಟ್ಟಿದೀಯೋ?" ಮಸೀನಾ ಅಜ್ಜಿ ಕೆಣಕುತ್ತಿದ್ದಳು.

"ಹುಡುಗಿ ಕಾಲೇಜಿಗೆ, ಅಜ್ಜಿ."

"ಹೆತ್ತಿದ್ದು ಸಾಲ್ದು ಅಂತ ಓದಿಸೋದು ಬೇರೆ ಬೇಕಾ? ನಮ್ಮವ್ವ ನಂಗೆ ಕೊಟ್ಟಿದ್ದು ಒಂದು ಪೊರಕೆ. ಅದನ್ನೂ ಆಮೇಲೆ ವಾಪಸ್ ಕೇಳಿದ್ಳು!"

ಚಪ್ಪರವೆಲ್ಲ ನಕ್ಕಿತು. ನಾನೂ ನಕ್ಕೆ.

ಚಾಪೆ ಮುಗಿಯಿತು. ಅಂಚಿಗೆ ಕೆಂಪು ಗರಿ ಹೊಲಿದು, ಮಡಿಕೆ ಬೀಳದಂತೆ ಹಾಸಿಗೆಯಡಿ ಹರಡಿಟ್ಟೆ. ಅಷ್ಟರಲ್ಲಿ ತಾನಿಯೇಲುವಿನ ದೊಡ್ಡಪ್ಪ ತೀರಿಕೊಂಡ. ಅವನು ಬಿಟ್ಟುಹೋದ ಮನೆತನದ ಮತಾಯಿ ಪಟ್ಟಕ್ಕೆ, ಅಂದರೆ ಹಿರಿಯನ ಪಟ್ಟಕ್ಕೆ, ಎಲ್ಲರೂ ಕೂಡಿ ತಾನಿಯೇಲುವನ್ನೇ ಆರಿಸಿದರು. ನನಗೂ ಹೆಮ್ಮೆಯಾಯಿತು.

ಪಟ್ಟದ ದಿನ ಊರ ಪರವಾಗಿ ಮಾತಾಡುವ ಹಿರಿಯರಿಗೂ ಪಾದ್ರಿಗೂ ಚಾಪೆ ಕೊಡಬೇಕು. ನಾದಿನಿಯರು ತಮ್ಮವನ್ನು ತಂದರು. ನಾನು ಎರಡು ಸಾಧಾರಣ ಚಾಪೆ ಕೊಟ್ಟು ಅಡುಗೆಗೆ ಕೂತೆ. ಕೊನೆಗೆ ಚಾಪೆಗಳು ಬರುವ ಹೊತ್ತಿಗೆ ಎಲ್ಲ ಹೆಂಗಸರ ಜೊತೆ ಊರ ನಡುವಿನ ಬಯಲಿನ ಅಂಚಿಗೆ ಬಂದು ನಿಂತೆ. ಹುಡುಗಿಯರು ಚಾಪೆ ಬಿಡಿಸಿ ಹಿಡಿದು ಬಯಲು ದಾಟುತ್ತಾರೆ. ಒಂದೊಂದಕ್ಕೂ ನಾವು ಗಟ್ಟಿಯಾಗಿ ಕೂಗಿ ಕೊಂಡಾಡಬೇಕು. ಕೂಗದಿದ್ದರೆ ಕೊಟ್ಟವರಿಗೆ ಅವಮಾನ.

ಎಲ್ಲಕ್ಕಿಂತ ಚೆಂದದ್ದು ಕೊನೆಗೆ ಬರುವುದು ರೂಢಿ. ಅದು ಬಂತು. "ಆಹಾ, ಎಂಥ ಚಾಪೆ! ಎಂಥ ಕೈ!" ಎಂದು ಎಲ್ಲರೊಂದಿಗೆ ನಾನೂ ಕೂಗಿದೆ. ಕೂಗು ಬಾಯಿಂದ ಹೊರಬಿದ್ದ ಮೇಲೆ ನೋಡಿದೆ. ಹಿಡಿದು ಬರುತ್ತಿದ್ದವಳು ಪೆನೀನಾ. ಚಾಪೆ ನನ್ನದು.

ಬಯಲಿಗೆ ಇಳಿದ ಚಾಪೆಯನ್ನು ಯಾರೂ ಹಿಂದಕ್ಕೆ ಕೇಳುವಂತಿಲ್ಲ. ಕೇಳಿದರೆ ಆ ಮನೆತನ ಊರಲ್ಲಿ ತಲೆ ಎತ್ತುವುದಿಲ್ಲ. ಅದೂ ಅಲ್ಲದೆ, ಎಲ್ಲರ ಮುಂದೆ ನಾನೇ ಕೊಂಡಾಡಿಬಿಟ್ಟಿದ್ದೆ. ಪೆನೀನಾ ನನ್ನ ಮುಂದೆಯೇ ಹಾದುಹೋದಳು. ನನ್ನತ್ತ ಕಣ್ಣೆತ್ತಲಿಲ್ಲ.

ನೆಂಟರು ಚದುರಿದ ಮೇಲೆ ತಾನಿಯೇಲುವನ್ನು ಹಿಂದಿನ ಅಂಗಳಕ್ಕೆ ಕರೆದೆ.

"ಕೊನೇ ಚಾಪೆ ಸಪ್ಪೆ ಆಗಿದ್ರೆ ಊರು ನಗ್ತಿತ್ತು ಕಣೇ," ಎಂದ.

"ನಗಲಿ ಬಿಡು. ಅವಳ ಕಾಲೇಜು?"

"ನಾನೀಗ ಒಬ್ಬಳಿಗೆ ಅಪ್ಪ ಅಲ್ಲ, ಇಡೀ ಮನೆತನಕ್ಕೆ. ಹೆತ್ತೋರೇ ಕಾಲೇಜು ಓದಿಸ್ಬೇಕು ಅಂತ ಎಲ್ಲಿದೆ? ನನ್ನ ಯಾರು ಓದಿಸಿದ್ರು? ಬದುಕಿಲ್ವಾ ನಾನು?"

"ನಿಮ್ಮಪ್ಪ ನಿಂಗೆ ಮಾಡಿದ್ದನ್ನೇ ಅವಳಿಗೆ ಮಾಡಿದೆ."

"ಅಪ್ಪ ಯಾಕೆ ಹಾಗೆ ಮಾಡ್ದ ಅಂತ ಇವತ್ತು ಗೊತ್ತಾಯ್ತು," ಎಂದು ಒಳಗೆ ಹೋದ.

ಪೆನೀನಾ ಬಾವಿಕಟ್ಟೆಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಪಕ್ಕದಲ್ಲಿ ಕೂತೆ.

"ಯಾಕಮ್ಮಾ ಒಪ್ಪಿದೆ?" ಎಂದಳು.

"ಯಾರು ಒಪ್ಪಿದ್ದು?"

"'ಅಮ್ಮ ಒಪ್ಪಿದಾಳೆ, ನೀನೇ ಹಿಡಿದು ನಡೀಬೇಕಂತೆ' ಅಂದ್ರು ಅಪ್ಪ. ಬಯಲು ದಾಟೋವರ್ಗೂ ನಿನ್ನ ಬೈಕೊಂಡೇ ನಡೆದೆ. ಅದರ ಮೇಲೆ ನೀನು ಬೇರೆ ಅಷ್ಟು ಜೋರಾಗಿ ಕೂಗಿದೆ."

ನನಗೆ ಗೊತ್ತಿರಲಿಲ್ಲ ಎಂದೆ. ಅವಳು ನಂಬಿದಳು, ಅಥವಾ ನಂಬಿದಂತೆ ತಲೆಯಾಡಿಸಿದಳು. ನನಗೆ ಇವತ್ತಿಗೂ ತಿಳಿಯದು.

ಆಕ್ಲೆಂಡಿನವಳು ದೋಣಿ ಇಳಿದು ಬಂದು, ಒಂದು ಎಳನೀರು ಕುಡಿದು, ಬೇರೆ ಊರಿಗೆ ಚಾಪೆ ಹುಡುಕಿಕೊಂಡು ಹೋದಳು. ಸುವಾದ ಸೀಟು ಇನ್ಯಾರಿಗೋ ಹೋಯಿತು. ಪೆನೀನಾ ಈಗ ನನ್ನ ಜೊತೆ ಹೋಟೆಲಿಗೆ ಬರುತ್ತಾಳೆ. ನಾನು ಒಗೆದದ್ದನ್ನು ಅವಳು ಹಿಂಡುತ್ತಾಳೆ. ತಾನಿಯೇಲುವನ್ನು ಊರು ಪಟ್ಟದ ಹೆಸರಿನಿಂದ ಕರೆಯುತ್ತದೆ.

ಅವಳು ಹುಟ್ಟಿದ ದಿನ ಅವನು ಕೊಟ್ಟ ಮಾತನ್ನು ಅವನು ನಡೆಸಲಿಲ್ಲ.