ಹಸಿರು ಬಂದೂಕು

ಹಳದೀಪುರದ ಮಾಬ್ಲೇಶ್ವರ ಆಚಾರಿಗೆ ಬಂದೂಕು ರಿಪೇರಿಯ ಲೈಸನ್ಸು ಇತ್ತು, ಕೈಗುಣವೂ ಇತ್ತು. ಇಲ್ಲದ್ದು ತಾಳ್ಮೆ ಒಂದೇ, ಅದೂ ಬೇರೆಯವರ ಹೊಲಸು ಕೆಲಸ ಕಂಡಾಗ ಮಾತ್ರ. ನಾಗಪತಿ ಭಟ್ಟರು ಅಜ್ಜನ ಕಾಲದ ಒಂಟಿ ಗುಂಡಿನ ರೈಫಲ್ಲನ್ನು ಗೋಣಿಚೀಲದಿಂದ ಹೊರತೆಗೆದಾಗ ಅವನ ಮೈಯೆಲ್ಲ ಉರಿದುಹೋಯಿತು. ತುಕ್ಕು ಹಿಡಿಯಬಾರದೆಂದು ಭಟ್ಟರ ಅಪ್ಪ, ತೋಟದ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಅದಕ್ಕೆ ಬುಡದಿಂದ ತುದಿಯವರೆಗೆ ಬಳಿದುಬಿಟ್ಟಿದ್ದರು. ಅದನ್ನು ಕಂಡರೆ ತೋಟದ ಮಂಗಗಳೂ ಹೆದರುತ್ತಿರಲಿಲ್ಲ.

"ಅಜ್ಜ ತಂದಾಗ ಹ್ಯಾಂಗಿತ್ತೋ ಹಾಂಗೇ ಮಾಡಿಕೊಡು ಆಚಾರಿ" ಎಂದರು ಭಟ್ಟರು.

ಆಚಾರಿ ಆರು ತಿಂಗಳು ಅದರ ಬೆನ್ನು ಬಿಡಲಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿ ಬಣ್ಣ ಕೆರೆದ. ಯಾರೋ ಕೊಡೆಕಡ್ಡಿ ಬಗ್ಗಿಸಿ ಹಾಕಿದ್ದ ಸ್ಪ್ರಿಂಗನ್ನು ಬೈಯುತ್ತಲೇ ಕಿತ್ತೆಸೆದು ಹೊಸದು ಕೂರಿಸಿದ. ಹಿಡಿಯ ಮರಕ್ಕೆ ಎಣ್ಣೆ ತಿಕ್ಕಿ ತಿಕ್ಕಿ ಅಂಗೈಗೆ ಬೊಕ್ಕೆ ಬಂತು. ಕೊನೆಗೊಂದು ದಿನ ಉಕ್ಕು ಕಪ್ಪುನೀಲಿಗೆ ತಿರುಗಿತು, ಸನ್ನೆಕೋಲು ಒತ್ತಿದರೆ ಗುಂಡು ತುಂಬುವ ಬಾಯಿ ಟಕ್ಕೆಂದು ತೆರೆಯಿತು. ಇಂಥ ಕೆಲಸ ತನ್ನ ಕೈಯಲ್ಲಿ ಹಿಂದೆ ಆಗಿರಲಿಲ್ಲ, ಮುಂದೆ ಆಗುವುದೂ ಇಲ್ಲ ಎಂದು ಅವನಿಗೇ ಅನ್ನಿಸಿ ಕಣ್ಣು ತುಂಬಿಬಂತು.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಮುಗಿಯುವ ತನಕ ಲೈಸನ್ಸಿನ ಬಂದೂಕುಗಳನ್ನೆಲ್ಲ ಠಾಣೆಯಲ್ಲಿ ಇಡಬೇಕು. ಭಟ್ಟರು ಏದುಸಿರು ಬಿಡುತ್ತ ಬಂದರು.

"ಬಂದೂಕಿನ ನಂಬರು ಎಂದೋ ಸವೆದು ಹೋಯ್ದು. ಠಾಣೆ ಪುಸ್ತಕದಲ್ಲಿ ಗುರುತು ಅಂತ ಎಂತ ಬರೆದಿದ್ದಾರೆ ಗೊತ್ತಿದ್ಯ? ಬಣ್ಣ ಹಸಿರು. ಇದನ್ನ ಒಯ್ದರೆ ಬೇರೆ ಬಂದೂಕು ಅಂತ ಹಿಡಿದಿಟ್ಕೊಳ್ತಾರೆ, ಮತ್ತೆ ಕಣ್ಣಿಗೂ ಬೀಳೂದಿಲ್ಲ. ಹಸಿರು ಬಳಿದುಬಿಡು ಮಾರಾಯ."

"ಅದನ್ನ ನನ್ನ ಮುಖಕ್ಕೆ ಬಳೀರಿ ಭಟ್ರೆ. ಬಂದೂಕಿಗೆ ಬ್ಯಾಡ."

ಆದರೆ ಹಿಡಿದಿಟ್ಟುಕೊಂಡರೆ ಆರು ತಿಂಗಳ ದುಡಿಮೆ ಠಾಣೆಯ ಮೂಲೆಯಲ್ಲಿ ತುಕ್ಕು ತಿನ್ನುತ್ತದೆ. ಇಡೀ ದಿನ ತಲೆ ಕೆರೆದುಕೊಂಡ ಆಚಾರಿ, ಶಾಲೆಯ ಮಕ್ಕಳು ಚಿತ್ರಕ್ಕೆ ಬಳಿಯುವ ನೀರುಬಣ್ಣ ತಂದ. ಉಕ್ಕಿಗೆ ನೀರು ತಾಗದಂತೆ ಮೊದಲು ತೆಳ್ಳಗೆ ಮೇಣ ಸವರಿ, ಮೇಲೆ ಗಟ್ಟಿಯಾಗಿ ಕಲಸಿದ ಹಸಿರು ಬಳಿದ. ಚುನಾವಣೆ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆತು.

ಠಾಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದವರು ಹೆಡ್ ಕಾನ್‌ಸ್ಟೇಬಲ್ ಕಲ್ಪನಾ. ಮೇ ತಿಂಗಳ ಸೆಕೆ, ಫ್ಯಾನು ಬೇರೆ ಕೆಟ್ಟಿತ್ತು. ಬೆವರಿದ ಕೈಯಲ್ಲಿ ಬಂದೂಕನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟರು. ಅಂಗೈ ಪೂರ್ತಿ ಹಸಿರಾಗಿತ್ತು. ಭಟ್ಟರು ಗೋಡೆಯ ಕ್ಯಾಲೆಂಡರ್ ಓದತೊಡಗಿದರು.

ಕಲ್ಪನಾ ತಮ್ಮ ಅಂಗೈ ನೋಡಿದರು. ಬಣ್ಣ ಹೋದ ಜಾಗದಲ್ಲಿ ಮಿಂಚುತ್ತಿದ್ದ ಕಪ್ಪುನೀಲಿ ಉಕ್ಕನ್ನು ನೋಡಿದರು. ಆಮೇಲೆ ಆಚಾರಿಯ ಉಗುರಿನ ಸಂದಿಯನ್ನು ನೋಡಿದರು, ಅದೂ ಹಸಿರೇ. ಕೈ ಒರೆಸಿಕೊಂಡು, "ಬಣ್ಣ ಹಸಿರು. ಸರಿ ಇದೆ" ಎಂದು ಗೀಚಿ ರಸೀದಿ ಹರಿದುಕೊಟ್ಟರು. ಹೊರಗೆ ಬಂದ ಆಚಾರಿ ಭಟ್ಟರಿಗೆ ಸೋಡಾ ಕುಡಿಸಿ ತಾನೂ ಕುಡಿದ.

ಚುನಾವಣೆ ಮುಗಿಯಿತು. ಆಚಾರಿ ಒದ್ದೆ ಬಟ್ಟೆ ಹಿಡಿದುಕೊಂಡೇ ಭಟ್ಟರ ಜೊತೆ ಠಾಣೆಗೆ ಹೋದ. ಬಂದೂಕು ಕೈಗೆ ಬಂದದ್ದೇ ತಡ, ಮೂಲೆಗೆ ತಿರುಗಿ ಒರೆಸಿದ. ಬಣ್ಣ ಹೋಗಲಿಲ್ಲ. ಇನ್ನಷ್ಟು ಒತ್ತಿ ಒರೆಸಿದ. ಹಸಿರು ಮತ್ತಷ್ಟು ಹೊಳೆಯಿತು.

"ಮೊದ್ಲಿನ ಬಣ್ಣ ಕೈಗೆ ಹತ್ತುತಿತ್ತು ಆಚಾರ್ರೆ" ಎಂದರು ಕಲ್ಪನಾ, ಪುಸ್ತಕದಿಂದ ತಲೆ ಎತ್ತದೆ. "ದೊಡ್ಡ ಸಾಹೇಬ್ರು ತಪಾಸಣೆಗೆ ಬಂದಾಗ ಪುಸ್ತಕದಲ್ಲಿ ಇದ್ದ ಹಾಗೇ ಕಾಣ್ಬೇಕಲ್ಲ. ಠಾಣೆ ಗೇಟಿಗೆ ಬಳಿದು ಉಳಿದದ್ದಿತ್ತು. ಎರಡು ಸಲ ಹೊಡ್ಸಿದ್ದೇನೆ."

ಭಟ್ಟರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಆಚಾರಿ ಹಸಿರು ಬಂದೂಕನ್ನು ಮಗುವಿನಂತೆ ಎದೆಗವಚಿಕೊಂಡ. ಆಮೇಲೆ ಕೇಳಿದ:

"ಮೇಡಮ್ಮಾ, ಇನ್ನೊಂದು ಚುನಾವಣೆಗೆ ಆರು ತಿಂಗಳಾದ್ರೂ ಇದ್ಯ?"