ಗಾಡಿಯವನನ್ನು ಯಾರೂ ಕೇಳಲಿಲ್ಲ

ಕುಸುಮಾವತಿ ಟೀಚರ್ ಕೊಕ್ಕರ್ಣೆಯ ಹೈಸ್ಕೂಲೊಂದರಲ್ಲಿ ಹದಿನೇಳು ವರ್ಷದಿಂದ ಕನ್ನಡ ಕಲಿಸುತ್ತಿದ್ದರು. ಒಂಬತ್ತನೇ ತರಗತಿಗೆ ಒಂದು ಹಳೆಯ ಸಂಸ್ಕೃತ ನಾಟಕದ ನ್ಯಾಯಾಲಯದ ದೃಶ್ಯ ಪಾಠವಾಗಿತ್ತು. ಪ್ರತಿ ವರ್ಷವೂ ಅದನ್ನು ಒಂದೇ ತರಹ ಮುಗಿಸುತ್ತಿದ್ದರು. ಗಟ್ಟಿಯಾಗಿ ಓದುವುದು, ಕಷ್ಟದ ಪದಗಳ ಅರ್ಥ ಬರೆಸುವುದು, ಪರೀಕ್ಷೆಗೆ ಬರುವ ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿಸುವುದು. ಮಕ್ಕಳು ಆಕಳಿಸುತ್ತಿದ್ದರು. ನಿಜ ಹೇಳಬೇಕೆಂದರೆ ಟೀಚರಿಗೂ ಆಕಳಿಕೆ ಬರುತ್ತಿತ್ತು.

2006ರ ಜುಲೈಯಲ್ಲಿ ಒಂದು ದಿನ, ಓದುತ್ತಿರುವಾಗಲೇ ಹಿಂದಿನ ಬೆಂಚಿನ ಶರಣ್ಯಾ ಎದ್ದು ನಿಂತಳು.

"ಟೀಚರ್, ಆ ಹೆಂಗ್ಸ್ ಬೇರೆಯವ್ರ ಗಾಡಿ ಹತ್ತಿದ್ ಎಂತಕೆ?"

ತರಗತಿ ನಕ್ಕಿತು. ಟೀಚರ್ ನಗಲಿಲ್ಲ. ಉತ್ತರ ಅವರಿಗೆ ಗೊತ್ತಿರಲಿಲ್ಲ. ಪಾಠದಲ್ಲಿದ್ದ ಏಳು ಪುಟಗಳ ಆಚೆ ಆ ನಾಟಕವನ್ನು ಅವರು ಓದಿಯೇ ಇರಲಿಲ್ಲ.

ಆ ಶನಿವಾರ ಬ್ರಹ್ಮಾವರದ ಲೈಬ್ರರಿಯಿಂದ ಇಡೀ ನಾಟಕದ ಕನ್ನಡ ಅನುವಾದ ತಂದರು. ಭಾನುವಾರ ಬೆಳಿಗ್ಗೆ ಹಿಡಿದ ಪುಸ್ತಕವನ್ನು ಕೆಳಗಿಟ್ಟದ್ದು ಗಂಜಿ ತಳ ಹಿಡಿದ ವಾಸನೆ ಬಂದಾಗಲೇ. ಕತೆ ಅಷ್ಟು ಚೆನ್ನಾಗಿತ್ತು. ಬಡವನಾದ ಒಬ್ಬ ವರ್ತಕ; ಅವನನ್ನು ಪ್ರೀತಿಸುವ ನರ್ತಕಿ. ಅವನನ್ನು ಕಾಣಲು ತೋಟಕ್ಕೆ ಹೊರಟವಳು ತಪ್ಪಿ ರಾಜನ ಭಾವಮೈದುನನ ಗಾಡಿ ಹತ್ತುತ್ತಾಳೆ. ಆ ದುಷ್ಟ ಅವಳ ಕತ್ತು ಹಿಸುಕಿ, ಸತ್ತಳೆಂದುಕೊಂಡು ಬಿಟ್ಟುಹೋಗಿ, ಕೊಂದವನು ವರ್ತಕನೆಂದು ದೂರು ಕೊಡುತ್ತಾನೆ.

'ಇಂಥದ್ದನ್ನು ನಾನು ಪದಗಳ ಅರ್ಥ ಬರೆಸಿ ಕೊಂದೆನಲ್ಲ' ಎಂದುಕೊಂಡರು ಟೀಚರ್.

ಮುಂದಿನ ಶುಕ್ರವಾರ ಪಾಠದ ಪುಸ್ತಕ ತೆಗೆಯಲು ಹೇಳಲಿಲ್ಲ. ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಕೈಯಲ್ಲೇ ನಕಲು ಮಾಡಿದ ದೃಶ್ಯಗಳ ಹಾಳೆಗಳನ್ನು ಹಂಚಿದರು. "ಒಂದೊಂದು ವಾರ ಒಂದೊಂದು ಗಂಟು. ಬಿಡಿಸಿದರೆ ಮಾತ್ರ ಮುಂದಿನ ಹಾಳೆ. ಬಾಯಿಗೆ ಬಂದದ್ದು ಹೇಳುವ ಹಾಗಿಲ್ಲ, ಯಾವ ಸಾಲಿನಿಂದ ಗೊತ್ತಾಯಿತು ಅಂತ ತೋರಿಸಬೇಕು. ಮೊದಲ ಗಂಟು ಶರಣ್ಯಾ ಕೇಳಿದ್ದೇ."

ಮಕ್ಕಳು ಬೆಂಚುಗಳನ್ನು ಎಳೆದು ಬೀದಿ ಮಾಡಿದರು. ಎರಡು ಕುರ್ಚಿ ಎರಡು ಗಾಡಿ. ಅರ್ಧ ಗಂಟೆ ಜಗಳವಾಡಿದ ಮೇಲೆ ಶರಣ್ಯಾ ಒಂದು ಕುರ್ಚಿಯನ್ನು ಬಾಗಿಲಿನ ಎದುರಿಗೆ ಎಳೆದಳು.

"ಬೀದಿಯಲ್ಲಿ ಗಾಡಿಗಳೆಲ್ಲ ಸಿಕ್ಕಿ ಬಿದ್ದಿದ್ವ್ ಅಂದೇಳಿ ಇಲ್ಲಿತ್ತ್, ಕಾಣಿ. ಅದ್ಕೇ ಈ ಗಾಡಿ ಅವ್ಳ ಮನೆ ಬಾಗ್ಲಲ್ಲ್ ನಿಂತಿತ್. ಅವ್ಳ್ ತನ್ ಗಾಡಿಯೇ ಬಂತ್ ಅಂದೇಳಿ ಹತ್ತಿದ್ಳ್. ಬ್ರಹ್ಮಾವರದಲ್ಲ್ ದಿನಾ ಯಾರಾರೂ ಬೋರ್ಡ್ ಕಾಣ್ದೆ ಅಪ್ಪಯ್ಯನ ಬಸ್ಸಿಗೆ ಹತ್ತಿ ಕೂಕಂತ್ರ್!"

ಶರಣ್ಯಾಳ ಅಪ್ಪ ಅಣ್ಣಯ್ಯ ಬ್ರಹ್ಮಾವರ–ಕೊಕ್ಕರ್ಣೆ ಖಾಸಗಿ ಬಸ್ಸಿನ ಡ್ರೈವರ್. ಟೀಚರ್ ದಿನಾ ಬರುವುದೂ ಅದೇ ಬಸ್ಸಿನಲ್ಲಿ. ಇಷ್ಟು ವರ್ಷದಲ್ಲಿ ಅವರಿಬ್ಬರ ನಡುವೆ ನಮಸ್ಕಾರ ಬಿಟ್ಟರೆ ಮಾತಿರಲಿಲ್ಲ.

ಮೂರನೆಯ ವಾರ ಟೀಚರ್ ಕಷ್ಟದ ಗಂಟು ಕೊಟ್ಟರು. ವರ್ತಕನಿಗೆ ಮರಣದಂಡನೆಯಾಗಿದೆ. ಅವನು ನಿರಪರಾಧಿ ಎಂದು ಹೇಳಬಲ್ಲ ಸಾಕ್ಷಿ ಊರಲ್ಲಿ ಒಬ್ಬನೇ ಇದ್ದಾನೆ. ಯಾರು?

ವರ್ತಕನ ಗೆಳೆಯ ಎಂದಿತು ಒಂದು ಗುಂಪು. ಹೆಂಡತಿ ಎಂದಿತು ಇನ್ನೊಂದು. ಪರೀಕ್ಷೆಯಲ್ಲಿ ಯಾವಾಗಲೂ ತರಗತಿಗೇ ಮೊದಲಿಗನಾಗುವ ಅಕ್ಷಯ್, "ಯಾರೂ ಇಲ್ಲ, ಇದ್ದರೆ ನ್ಯಾಯಾಧೀಶರು ಕರೆಸುತ್ತಿರಲಿಲ್ಲವಾ?" ಎಂದ.

"ಗಾಡಿ ಹೊಡೂನ್" ಎಂದಳು ಶರಣ್ಯಾ. "ಯಾರ್ ಹತ್ತಿದ್ರ್, ಯಾರ್ ಎಲ್ಲಿ ಇಳ್ದ್ರ್, ಎಲ್ಲ ಅವ್ನಿಗೇ ಗೊತ್ತಿಪ್ಪುದ್. ಅವ್ನನ್ನ ಯಾರೂ ಕೇಳ್ಲೇ ಇಲ್ಲ."

"ಸಾಲು ತೋರಿಸು" ಎಂದರು ಟೀಚರ್.

ಅವಳು ಹಾಳೆ ತಿರುವಿದಳು. ಬೆಲ್ ಹೊಡೆಯಿತು, ಯಾರೂ ಏಳಲಿಲ್ಲ. ಕೊನೆಗೆ ಅವಳ ಬೆರಳು ಒಂದು ಕಡೆ ನಿಂತಿತು. ಒಡೆಯನಾದ ಭಾವಮೈದುನ ತನ್ನ ಗಾಡಿಯವನಿಗೆ ಬೇಡಿ ತೊಡಿಸಿ ಮಹಡಿಯಲ್ಲಿ ಕೂಡಿಹಾಕುವ ಜಾಗ ಅದು.

"ಕಾಣಿ ಟೀಚರ್. ಎಂತದೂ ಗೊತ್ತಿಲ್ದವ್ನನ್ನ ಯಾರಾರೂ ಕಟ್ಟಿ ಹಾಕ್ತ್ರಾ?"

ಸಾಕ್ಷಿ ಯಾರೆಂದು ಟೀಚರಿಗೆ ಹೊಳೆದದ್ದು ಮಹಡಿಯ ಆ ಸಾಲನ್ನು ಎರಡು ಸಲ ಓದಿದ ಮೇಲೆ. ಈ ಹುಡುಗಿ ಮೊದಲು ಮನುಷ್ಯನನ್ನು ಹಿಡಿದು, ಆಮೇಲೆ ಸಾಲನ್ನು ಹಿಡಿದಳು.

ಮರುದಿನ ಬಸ್ಸಿನಲ್ಲಿ ಅವರು ಅಣ್ಣಯ್ಯನ ಹಿಂದಿನ ಸೀಟಿನಲ್ಲಿ ಕೂತು ಎಲ್ಲವನ್ನೂ ಹೇಳಿದರು. ಅಣ್ಣಯ್ಯ ರಸ್ತೆ ನೋಡುತ್ತಲೇ ಕೇಳಿಸಿಕೊಂಡ. ಕತೆ ಮುಗಿದದ್ದೇ ಕಂಡಕ್ಟರನನ್ನು ಕೂಗಿದ.

"ಹ್ವಾಯ್ ಭೋಜ, ಇಲ್ಲ್ ಬಾ. ಒಂದ್ ಕೊಲೆ ಕೇಸ್ ಇತ್ತ್. ಸಾಕ್ಷಿ ಯಾರ್ ಹೇಳ್ ಕಾಂಬ?"

ಭೋಜ ಟಿಕೆಟ್ ಹರಿಯುತ್ತ ಬಸ್ಸಿಗೆಲ್ಲ ಕೇಳಿದ. ಒಬ್ಬರು ಹೆಂಡತಿ ಎಂದರು, ಒಬ್ಬರು ಪೊಲೀಸ್ ಎಂದರು. ಮೀನಿನ ಬುಟ್ಟಿಯ ಜಲಜಕ್ಕ ಮೊದಲಿಂದ ಕತೆ ಹೇಳಿಸಿಕೊಂಡರು. ಅಂದಿನಿಂದ ಪ್ರತಿ ಶನಿವಾರ ಟೀಚರ್ ಹತ್ತುವುದೇ ತಡ, "ನಿನ್ನಿ ಗಂಟ್ ಎಂತ?" ಎಂಬ ಪ್ರಶ್ನೆ ಕಾದಿರುತ್ತಿತ್ತು.

ಆಗಸ್ಟ್ ಕೊನೆಯ ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ಮಕ್ಕಳು ಕೊನೆಯ ದೃಶ್ಯಗಳನ್ನು ಆಡಿ ತೋರಿಸಿದರು. ಪೋಷಕರು ಹತ್ತು ಜನ ಬಂದಾರು ಎಂದುಕೊಂಡಿದ್ದರು ಹೆಡ್‌ಮಾಸ್ಟರ್. ಬಸ್ಸಿಗೆ ಬಸ್ಸೇ ಬಂತು.

ಗಾಡಿಯವನ ಪಾತ್ರ ಶರಣ್ಯಾಳದ್ದು. ಬೇಡಿಯ ಸಮೇತ ಮಹಡಿಯಿಂದ ಹಾರಿದವಳಂತೆ ಮೇಜಿನಿಂದ ಧುಮುಕಿ, "ಕೊಂದವನು ಇವನಲ್ಲ, ನನ್ನ ಒಡೆಯ!" ಎಂದು ಕೂಗಿದಳು. ಭಾವಮೈದುನನ ವೇಷದ ಹುಡುಗ, "ಇವನು ಕಳ್ಳ. ಹೊಡೆದೆನೆಂಬ ಸಿಟ್ಟಿಗೆ ಸುಳ್ಳು ಹೇಳುತ್ತಾನೆ" ಎಂದ. ನಾಟಕದ ಜನ ಭಾವಮೈದುನನ ಮಾತನ್ನೇ ನಂಬಿದರು.

ಭೋಜ ಎದ್ದೇಬಿಟ್ಟ. "ಹ್ವಾಯ್! ಗಾಡಿಯಂವ ಹೇಳೂದೇ ಸತ್ಯ ಮಾರಾಯ್ರೆ!"

ಸಭಾಂಗಣ ನಗೆಯಲ್ಲಿ ಮುಳುಗಿತು. ನಗು ಇಳಿಯುವವರೆಗೆ ಕಾದು ಟೀಚರ್ ಮುಂದೆ ಬಂದು, ಕೊನೆಯ ಗಂಟು ನಿಮಗೆ ಎಂದರು. ಇವನು ನಿಜ ಹೇಳಿದರೂ ಜನ ಯಾಕೆ ನಂಬಲಿಲ್ಲ?

"ಗಾಡಿ ಹೊಡೂನ್ ಅಲ್ದಾ, ಅದ್ಕೆ" ಎಂದರು ಜಲಜಕ್ಕ, ಕೂತಲ್ಲಿಂದಲೇ.

ಯಾರೂ ನಗಲಿಲ್ಲ. ಖಾಕಿ ಅಂಗಿಯಲ್ಲಿ ಬಾಗಿಲ ಬಳಿ ನಿಂತಿದ್ದ ಅಣ್ಣಯ್ಯನ ಕಡೆ ಕೆಲವರು ತಿರುಗಿದರು. ಅವನು ಮಗಳನ್ನೇ ನೋಡುತ್ತಿದ್ದ. ಅವಳು ತಲೆ ತಗ್ಗಿಸದೆ ಎದೆಯೆತ್ತಿ ವೇದಿಕೆಯ ನಡುವೆ ನಿಂತಿದ್ದಳು. ಆಮೇಲೆ ಸತ್ತಳೆಂದುಕೊಂಡಿದ್ದ ನರ್ತಕಿ ಜೀವಂತ ನಡೆದು ಬಂದಳು. ಗಾಡಿಯವನ ಒಂದೊಂದು ಮಾತೂ ನಿಜವೆಂದು ಎಲ್ಲರೂ ಒಪ್ಪಬೇಕಾಯಿತು. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಟೀಚರ್ ಅಣ್ಣಯ್ಯನ ಹತ್ತಿರ ಹೋದರು. "ಹದಿನೇಳು ವರ್ಷ ನಾನು ಈ ಪಾಠ ಮಾಡಿದೆ. ಅದನ್ನು ನನಗೆ ಕಲಿಸಿದವಳು ನಿಮ್ಮ ಮಗಳು."

ಅಣ್ಣಯ್ಯ ಎರಡೂ ಕೈ ಮುಗಿದ.

ಆ ದಿನ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. ದಾರಿಯುದ್ದಕ್ಕೂ ಕಾದು ನಿಂತವರು ಬೈಯುತ್ತ ಹತ್ತಿದರು. ಉತ್ತರ ಕೊಡುವ ಕೆಲಸವನ್ನು ಅಣ್ಣಯ್ಯ ಭೋಜನಿಗೆ ಬಿಡಲಿಲ್ಲ. ಪ್ರತಿ ಸ್ಟಾಪಿನಲ್ಲೂ ಕಿಟಕಿಯಿಂದ ತಾನೇ ತಲೆ ಹೊರಹಾಕಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದ:

"ನನ್ ಮಗಳ್ ನಾಟ್ಕ ಇತ್ತ್!"